ಬಯಾಪ್ಸಿ ವರದಿಯಲ್ಲಿ ಅಟ್ರೋಫಿ, ಮೆಟಾಪ್ಲೇಸಿಯಾ ಎಂದಿದ್ದರೆ: ಮೊದಲು ಏನು, ಆಮೇಲೆ ಏನು

“ಎರಡು ವರ್ಷದ ಹಿಂದೆ ಎಂಡೋಸ್ಕೋಪಿ ಆಯ್ತು. ವರದಿಯಲ್ಲಿ ಏನೋ ಮೆಟಾಪ್ಲೇಸಿಯಾ ಅಂತ ಇತ್ತು. ಮಾತ್ರೆ ತಗೊಂಡೆ, ಈಗ ಉರಿ ಇಲ್ಲ. ಮತ್ತೆ ತೋರಿಸಬೇಕಾ?” ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಬಯಾಪ್ಸಿ ಎಂದರೆ ಎಂಡೋಸ್ಕೋಪಿಯಲ್ಲಿ ತೆಗೆದ ತುಂಡಿನ ಪರೀಕ್ಷೆ. ಅಟ್ರೋಫಿ ಎಂದರೆ ಜಠರದ ಒಳಪದರ ಸವೆಯುವುದು, ಮೆಟಾಪ್ಲೇಸಿಯಾ ಎಂದರೆ ಸವೆದ ಜಾಗದಲ್ಲಿ ಬೇರೆ ಬಗೆಯ ಕೋಶ ಬೆಳೆಯುವುದು. ಕೇಳಿದವರಿಗೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಹೊಟ್ಟೆಯ ಯಾವ ಯಾವ ಜಾಗದಿಂದ ತುಂಡು ತೆಗೆದಿದ್ದರು? ಎಚ್. ಪೈಲೋರಿ ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆ ಎಂದು ಪರೀಕ್ಷೆ ಮಾಡಿಸಿದಿರಾ? ರಕ್ತದಲ್ಲಿ ಬಿ12 ಎಷ್ಟಿದೆ? ಮೂರಕ್ಕೂ ಉತ್ತರ ಇರುವವರು ಅಪರೂಪ.

ನಾನು ಡಾಕ್ಟರ್ ಅಲ್ಲ. ಇಂಥದ್ದೇ ವರದಿ ಹಿಡಿದು ಓಡಾಡಿದವಳು. ಓಡಾಡುವಾಗ ಗೊತ್ತಾಗಿದ್ದು ಇಷ್ಟು: ಇಲ್ಲಿ ಮಾಡಬೇಕಾದ ಕೆಲಸಗಳಿಗೆ ಒಂದು ಸರದಿ ಇದೆ. ಸರದಿ ತಪ್ಪಿದರೆ ಮಾಡಿದ್ದೂ ದಂಡವಾಗುತ್ತದೆ. ಇನ್ನೊಂದು ತೊಡಕು ನೋವಿನದು. ನೋವಿಗೂ ಒಳಪದರದ ಹಾನಿಗೂ ನಂಟು ತೀರಾ ಸಡಿಲ. ಏನೂ ಅನ್ನಿಸದವರ ಹೊಟ್ಟೆಯಲ್ಲಿ ಬದಲಾವಣೆ ತುಂಬಾ ದೂರ ಸಾಗಿರಬಹುದು. ದಿನವೂ ಉರಿಯುವವರ ಒಳಪದರ ಹೆಚ್ಚುಕಡಿಮೆ ಚೆನ್ನಾಗೇ ಇರಬಹುದು. ಹಾಗಾಗಿ “ಈಗ ಆರಾಮಾಗಿದೆ” ಎಂಬುದನ್ನು ನೆಚ್ಚಿಕೊಂಡು ಯಾವ ಹಂತವನ್ನೂ ಬಿಡಬೇಡಿ.

## ಇವು ಇದ್ದರೆ ಮುಂದೆ ಓದಬೇಡಿ, ಹೊರಡಿ

ರಕ್ತ ವಾಂತಿಯಾದರೆ, ವಾಂತಿ ಕಾಫಿ ಪುಡಿ ಕಲಸಿದಂತೆ ಕಂಡರೆ, ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬಂದರೆ, ಇಲ್ಲವೇ ತಲೆ ಸುತ್ತಿ ಬೀಳುವಂತಾದರೆ ಅದೇ ಹೊತ್ತಿಗೆ ತುರ್ತು ಚಿಕಿತ್ಸೆಗೆ ಹೋಗಬೇಕು. ಕಬ್ಬಿಣದ ಮಾತ್ರೆ, ಬಿಸ್ಮತ್ ಮಾತ್ರೆ ತಿನ್ನುವಾಗಲೂ ಮಲ ಕಪ್ಪಾಗುತ್ತದೆ. ಆದರೆ ಆಗ ಅದು ಡಾಂಬರಿನಂತೆ ಅಂಟುವುದಿಲ್ಲ. ಅನುಮಾನ ಬಂದರೆ ರಕ್ತವೆಂದೇ ತಿಳಿದು ತೋರಿಸಿ.

ಪ್ರಯತ್ನ ಮಾಡದೆ ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ವಾಂತಿ ನಿಲ್ಲದಿರುವುದು, ಕಾರಣ ಗೊತ್ತಿಲ್ಲದೆ ರಕ್ತ ಕಡಿಮೆಯಾಗುವುದು: ಇವಕ್ಕೆ ದಿನಗಳ ಒಳಗೆ ಡಾಕ್ಟರನ್ನು ಕಾಣಬೇಕು. ಮುಂದಿನ ಎಂಡೋಸ್ಕೋಪಿಗೆ ಇನ್ನೂ ಒಂದು ವರ್ಷ ಇದೆ ಎಂದು ಕಾಯಬಾರದು. ನಿಗದಿ ಮಾಡಿದ ತಾರೀಖು ಲಕ್ಷಣ ಇಲ್ಲದವರಿಗೆ.

## ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು

ಎಂಡೋಸ್ಕೋಪಿ ವರದಿ, ಅದರ ಫೋಟೋಗಳ ಸಮೇತ. ಬಯಾಪ್ಸಿ ವರದಿ, ಕೊನೆಯ ಸಾಲು ಮಾತ್ರವಲ್ಲ, ಪೂರ್ತಿ ಪ್ರತಿ. ಹಿಂದಿನ ರಕ್ತ ಪರೀಕ್ಷೆಗಳು. ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ತಲೆನೋವಿಗೆಂದು ಆಗೀಗ ತಿನ್ನುವುದನ್ನೂ ಸೇರಿಸಿ. ಹಿಂದೆ ಯಾವ ಆಂಟಿಬಯೋಟಿಕ್ ತಿಂದಿದ್ದಿರಿ ಎಂಬುದು ನೆನಪಿದ್ದರೆ ಬರೆದಿಡಿ, 4ನೇ ಹಂತದಲ್ಲಿ ಬೇಕಾಗುತ್ತದೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಈ ಒಂದು ಉತ್ತರ ಮುಂದಿನ ಇಡೀ ವೇಳಾಪಟ್ಟಿಯನ್ನು ಬದಲಿಸಬಲ್ಲದು.

ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ, ಫೋನಿನಲ್ಲೂ ಒಂದೊಂದು ಫೋಟೋ ಇರಲಿ. ಇದು ವರ್ಷಗಟ್ಟಲೆ ನಡೆಯುವ ವ್ಯವಹಾರ. ಡಾಕ್ಟರ್ ಬದಲಾಗಬಹುದು, ಊರು ಬದಲಾಗಬಹುದು, ಫೈಲು ಮಾತ್ರ ನಿಮ್ಮ ಜೊತೆಗೇ ಬರುತ್ತದೆ.

## ಹಂತ 1: ವರದಿಯಲ್ಲಿರುವ ಪದ ಯಾವ ಮೆಟ್ಟಿಲಿನದು ಎಂದು ಗುರುತಿಸಿ

ಜಠರದ ಒಳಪದರ ಕೆಡುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಬಹುಕಾಲದ ಉರಿಯೂತ, ಅಂದರೆ ಕ್ರಾನಿಕ್ ಗ್ಯಾಸ್ಟ್ರೈಟಿಸ್. ಎರಡನೆಯದು ಅಟ್ರೋಫಿ. ಆಸಿಡ್ಡು, ಜೀರ್ಣರಸ ಮಾಡುವ ಗ್ರಂಥಿಗಳು ಸವೆದು ಒಳಪದರ ತೆಳುವಾಗುತ್ತದೆ. ಮೂರನೆಯದು ಇಂಟೆಸ್ಟೈನಲ್ ಮೆಟಾಪ್ಲೇಸಿಯಾ. ಸವೆದ ಜಾಗದಲ್ಲಿ ಕರುಳಿನ ಜೀವಕೋಶಗಳನ್ನು ಹೋಲುವ ಕೋಶಗಳು ಬೆಳೆಯುತ್ತವೆ. ನಾಲ್ಕನೆಯದು ಡಿಸ್‌ಪ್ಲೇಸಿಯಾ. ಇಲ್ಲಿ ಕೋಶಗಳ ರೂಪ, ಜೋಡಣೆಯೇ ಕೆಟ್ಟಿರುತ್ತದೆ. ಅದರ ಮುಂದಿನದು ಕ್ಯಾನ್ಸರ್.

ಈ ಮೆಟ್ಟಿಲು ಹತ್ತಲು ಸಾಮಾನ್ಯವಾಗಿ ಹಲವು ವರ್ಷ, ಎಷ್ಟೋ ಸಲ ದಶಕಗಳೇ ಹಿಡಿಯುತ್ತವೆ. ಬಹುಪಾಲು ಜನ ಕೊನೆಯ ಮೆಟ್ಟಿಲು ಮುಟ್ಟುವುದೇ ಇಲ್ಲ. ನೆದರ್‌ಲೆಂಡ್ಸ್‌ನಲ್ಲಿ ಇಡೀ ದೇಶದ ದಾಖಲೆ ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಹೀಗಿದೆ. ಪತ್ತೆಯಾದ ಮೊದಲ 5 ವರ್ಷಗಳಲ್ಲಿ, ಅಟ್ರೋಫಿ ಇದ್ದವರಲ್ಲಿ ವರ್ಷಕ್ಕೆ ಶೇ. 0.1 ಮಂದಿಗೆ ಕ್ಯಾನ್ಸರ್ ಕಂಡಿತು. ಮೆಟಾಪ್ಲೇಸಿಯಾ ಇದ್ದವರಲ್ಲಿ ಶೇ. 0.25. ಸಣ್ಣ ಅಥವಾ ಮಧ್ಯಮ ಡಿಸ್‌ಪ್ಲೇಸಿಯಾಕ್ಕೆ ಶೇ. 0.6. ತೀವ್ರ ಡಿಸ್‌ಪ್ಲೇಸಿಯಾಕ್ಕೆ ಶೇ. 6. ಕೊನೆಯ ಅಂಕಿಯ ಜಿಗಿತ ನೋಡಿದಿರಲ್ವಾ? ಮೆಟಾಪ್ಲೇಸಿಯಾ ಎಂದರೆ ಸಾವಿರ ಜನರಲ್ಲಿ ವರ್ಷಕ್ಕೆ ಇಬ್ಬರು ಮೂವರ ಮಾತು. ತೀವ್ರ ಡಿಸ್‌ಪ್ಲೇಸಿಯಾ ಎಂದರೆ ಅರವತ್ತು ಜನರ ಮಾತು. ಎರಡೂ ಪದ ‘ಪ್ಲೇಸಿಯಾ’ ಎಂದೇ ಮುಗಿಯುವುದರಿಂದ ಗಾಬರಿಯಲ್ಲಿ ಒಂದನ್ನು ಇನ್ನೊಂದೆಂದು ಓದಿಕೊಳ್ಳುವವರಿದ್ದಾರೆ. ಒಂದೊಂದು ಅಕ್ಷರ ನೋಡಿ ಓದಿ.

ಸಾಮಾನ್ಯ ತಪ್ಪು: ‘ಎರಿತೆಮಾ’, ‘ಎರೋಷನ್’ ಎಂಬ ಎಂಡೋಸ್ಕೋಪಿ ಪದಗಳನ್ನು ಹಿಡಿದು ಕೂರುವುದು. ಅವು ಕ್ಯಾಮೆರಾಕ್ಕೆ ಕಂಡ ಕೆಂಪು ಮತ್ತು ಸಣ್ಣ ಹುಣ್ಣು, ಬಂದು ಹೋಗುವಂಥವು. ಯಾವ ಮೆಟ್ಟಿಲು ಎಂಬುದನ್ನು ಖಚಿತವಾಗಿ ಹೇಳುವುದು ಬಯಾಪ್ಸಿ.

## ಹಂತ 2: ತುಂಡುಗಳು ಎಲ್ಲಿಂದ ಬಂದವು ಎಂದು ನೋಡಿ

ನನ್ನ ಮೊದಲ ಬಯಾಪ್ಸಿಯಲ್ಲಿ ಎರಡೇ ತುಂಡು ತೆಗೆದಿದ್ದರು. ಎರಡೂ ಒಂದೇ ಡಬ್ಬಿಯಲ್ಲಿ ಲ್ಯಾಬಿಗೆ ಹೋಗಿದ್ದವು. ವರದಿಯಲ್ಲಿ ‘ಮೆಟಾಪ್ಲೇಸಿಯಾ ಇದೆ’ ಎಂದಷ್ಟೇ ಬಂತು. ಒಂದು ಮೂಲೆಯಲ್ಲಿದೆಯೋ, ಇಡೀ ಹೊಟ್ಟೆಗೆ ಹರಡಿದೆಯೋ ಹೇಳಲು ಯಾರಿಗೂ ಆಗಲಿಲ್ಲ. ಆ ಒಂದು ಮಾಹಿತಿಗಾಗಿ ಮತ್ತೊಮ್ಮೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕಾಯಿತು. ಇದು ನಿಮಗೆ ಆಗದಿರಲಿ ಎಂದೇ ಈ ಹಂತವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಜಠರದ ಕೆಳಭಾಗ ಆಂಟ್ರಮ್. ಮೇಲಿನ ದೊಡ್ಡ ಭಾಗ ಬಾಡಿ, ಕೆಲವು ವರದಿಗಳಲ್ಲಿ ಕಾರ್ಪಸ್ ಎಂದಿರುತ್ತದೆ. ಎರಡೂ ಸೇರುವ ಮಡಿಕೆ ಇನ್ಸಿಸುರಾ. ಸಿಡ್ನಿ ಪದ್ಧತಿ ಎಂದು ಹೆಸರಾದ ಕ್ರಮದಲ್ಲಿ ಐದು ತುಂಡು ತೆಗೆಯುತ್ತಾರೆ: ಆಂಟ್ರಮ್‌ನಿಂದ ಎರಡು, ಬಾಡಿಯಿಂದ ಎರಡು, ಇನ್ಸಿಸುರಾದಿಂದ ಒಂದು. ಆಂಟ್ರಮ್ ತುಂಡುಗಳು ಮತ್ತು ಬಾಡಿ ತುಂಡುಗಳು ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಹೋಗಬೇಕು. ಕಣ್ಣಿಗೆ ಅನುಮಾನ ಬಂದ ಜಾಗವಿದ್ದರೆ ಅದರ ತುಂಡು ಇನ್ನೊಂದು ಡಬ್ಬಿಯಲ್ಲಿ.

ವರದಿಯಲ್ಲಿ ಹುಡುಕಬೇಕಾದದ್ದು ಮುಖ್ಯವಾಗಿ ಎರಡು. ಒಂದು, ಹರಡಿಕೆ. ಆಂಟ್ರಮ್‌ನಲ್ಲಿ ಮಾತ್ರ ಇದ್ದರೆ ಅಪಾಯ ಕಡಿಮೆ, ಆಂಟ್ರಮ್ ಮತ್ತು ಬಾಡಿ ಎರಡರಲ್ಲೂ ಇದ್ದರೆ ಜಾಸ್ತಿ. ಕೆಲವು ಲ್ಯಾಬ್‌ಗಳು ಇದನ್ನು ಓಲ್ಗಾ ಅಥವಾ ಓಲ್ಜಿಮ್ ಎಂಬ ಅಳತೆಯಲ್ಲಿ 0ಯಿಂದ 4ರವರೆಗೆ ಬರೆಯುತ್ತವೆ. 3 ಮತ್ತು 4 ಇದ್ದರೆ ಹೆಚ್ಚಿನ ಅಪಾಯದ ಗುಂಪು. ಇದು ಕ್ಯಾನ್ಸರಿನ ಸ್ಟೇಜ್ ಅಲ್ಲ, ಸವೆತದ ಅಳತೆ. ‘ಸ್ಟೇಜ್ 3’ ಎಂದು ಓದಿ ಎದೆ ಒಡೆದುಕೊಂಡವರ ಜೊತೆ ನಾನು ಮಾತಾಡಿದ್ದೇನೆ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಎರಡು, ಮೆಟಾಪ್ಲೇಸಿಯಾದ ಬಗೆ. ‘ಕಂಪ್ಲೀಟ್’ ಎಂದಿದ್ದರೆ ಕೋಶಗಳು ಸಣ್ಣ ಕರುಳಿನ ಕೋಶಗಳನ್ನು ಹೋಲುತ್ತವೆ. ‘ಇನ್‌ಕಂಪ್ಲೀಟ್’ ಎಂದಿದ್ದರೆ ದೊಡ್ಡ ಕರುಳಿನದನ್ನು. ಇನ್‌ಕಂಪ್ಲೀಟ್ ಎಂದರೆ ಕಡಿಮೆ ಎಂದುಕೊಳ್ಳುವುದು ಸಹಜ, ಆದರೆ ಅಪಾಯ ಹೆಚ್ಚಿರುವುದು ಅದರಲ್ಲೇ. ವರದಿಯಲ್ಲಿ ಬಗೆ ಬರೆದಿಲ್ಲವಾದರೆ ಡಾಕ್ಟರ್ ಮೂಲಕ ಕೇಳಿಸಿ. ತುಂಡಿನ ಸ್ಲೈಡ್‌ಗಳನ್ನು ಲ್ಯಾಬ್‌ಗಳು ಕಾಪಾಡಿ ಇಟ್ಟಿರುತ್ತವೆ, ಮತ್ತೊಮ್ಮೆ ನೋಡಿ ಹೇಳಬಹುದು.

ಡಿಸ್‌ಪ್ಲೇಸಿಯಾ ಎಂದು ಬಂದಿದ್ದರೆ ಕ್ರಮವೇ ಬೇರೆ. ಅದೇ ಸ್ಲೈಡ್‌ಗಳನ್ನು ಜೀರ್ಣಾಂಗದ ವಿಷಯದಲ್ಲಿ ಪಳಗಿದ ಎರಡನೇ ಪೆಥಾಲಜಿಸ್ಟ್, ಅಂದರೆ ಲ್ಯಾಬಿನಲ್ಲಿ ತುಂಡು ನೋಡುವ ಡಾಕ್ಟರ್, ನೋಡಬೇಕು. ಉರಿಯೂತ ಜೋರಾಗಿದ್ದಾಗ ಕೋಶಗಳು ಡಿಸ್‌ಪ್ಲೇಸಿಯಾದಂತೆ ಕಾಣುವುದುಂಟು. ಅದರ ಜೊತೆಗೆ ಒಳ್ಳೆಯ ಉಪಕರಣದಲ್ಲಿ ಮತ್ತೆ ಎಂಡೋಸ್ಕೋಪಿ ಆಗಬೇಕು. ಗಂಟೋ ಮಚ್ಚೆಯೋ ಕಂಡರೆ ಎಂಡೋಸ್ಕೋಪಿಯಲ್ಲೇ ಕೆತ್ತಿ ತೆಗೆಯುತ್ತಾರೆ. ಏನೂ ಕಾಣದಿದ್ದರೆ, ತೀವ್ರ ಬಗೆಗೆ ಸುಮಾರು 6 ತಿಂಗಳಿಗೆ, ಸಣ್ಣ ಬಗೆಗೆ ಸುಮಾರು 12 ತಿಂಗಳಿಗೆ ಮತ್ತೆ ನೋಡುತ್ತಾರೆ. ಇಷ್ಟನ್ನು ಮುಂದೂಡಬಾರದು.

## ಹಂತ 3: ಕಾರಣ ಯಾವುದು ಎಂದು ಕೇಳಿ

ದೊಡ್ಡ ಕಾರಣಗಳು ಎರಡು. ಒಂದು ಎಚ್. ಪೈಲೋರಿ. ಇನ್ನೊಂದು ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್, ಅಂದರೆ ಮೈಯ ರಕ್ಷಣಾ ಪಡೆಯೇ ಆಸಿಡ್ ಮಾಡುವ ಕೋಶಗಳ ಮೇಲೆ ಬೀಳುವುದು. ಎರಡರ ಹಾದಿಯೂ ಬೇರೆ. ಹಾನಿ ಬಾಡಿಯಲ್ಲಿ ಜಾಸ್ತಿ ಇದ್ದು ಆಂಟ್ರಮ್ ಚೆನ್ನಾಗಿದ್ದರೆ ಆಟೋಇಮ್ಯೂನ್ ಎಂದು ಅನುಮಾನಿಸಬೇಕು. ಆಗ ರಕ್ತದಲ್ಲಿ ಪರೈಟಲ್ ಸೆಲ್ (ಆಸಿಡ್ ಮಾಡುವ ಕೋಶ) ಮತ್ತು ಇಂಟ್ರಿನ್ಸಿಕ್ ಫ್ಯಾಕ್ಟರ್ (ಬಿ12 ಮೈಗೆ ಹತ್ತಲು ಬೇಕಾದ ಪ್ರೋಟೀನ್) ವಿರುದ್ಧದ ಆಂಟಿಬಾಡಿ ನೋಡುತ್ತಾರೆ. ಥೈರಾಯ್ಡ್ ತೊಂದರೆ ಇದರ ಜೊತೆ ಬರುವುದು ಸಾಮಾನ್ಯ, ಅದನ್ನೂ ಪರೀಕ್ಷಿಸಿಕೊಳ್ಳಿ. ತುಂಡುಗಳು ಬೇರೆ ಬೇರೆ ಡಬ್ಬಿಯಲ್ಲಿ ಹೋಗಬೇಕು ಎಂದದ್ದು ಇದಕ್ಕೇ. ಬೆರೆಸಿಬಿಟ್ಟರೆ ಈ ಸುಳಿವೇ ಅಳಿಸಿಹೋಗುತ್ತದೆ.

ಬಯಾಪ್ಸಿಯಲ್ಲಿ ‘ಎಚ್. ಪೈಲೋರಿ ಕಾಣಲಿಲ್ಲ’ ಎಂದಿದ್ದರೂ ಅಲ್ಲಿಗೇ ಬಿಡಬೇಡಿ. ಮೆಟಾಪ್ಲೇಸಿಯಾ ಆದ ಜಾಗದಲ್ಲಿ ಈ ಬ್ಯಾಕ್ಟೀರಿಯಾ ನೆಲೆ ನಿಲ್ಲುವುದು ಕಷ್ಟ. ಸವೆತ ಹರಡಿದವರಲ್ಲಿ ತುಂಡಿಗೆ ಅದು ಸಿಗದೇ ಹೋಗಬಹುದು. ಉಸಿರಿನ ಯೂರಿಯಾ ಪರೀಕ್ಷೆ ಅಥವಾ ಮಲದಲ್ಲಿ ಬ್ಯಾಕ್ಟೀರಿಯಾದ ಕುರುಹು ಹುಡುಕುವ ಆಂಟಿಜನ್ ಪರೀಕ್ಷೆ ಮಾಡಿಸಿ. ಇಂಥವರಲ್ಲಿ ರಕ್ತದ ಆಂಟಿಬಾಡಿ ಪರೀಕ್ಷೆಗೂ ಒಂದಿಷ್ಟು ಬೆಲೆ ಇದೆ. ಆದರೆ ಅದು ಹಳೆಯ ಸೋಂಕಿಗೂ ‘ಇದೆ’ ಎನ್ನುತ್ತದೆ ಎಂಬುದು ನೆನಪಿರಲಿ.

## ಹಂತ 4: ಬ್ಯಾಕ್ಟೀರಿಯಾ ಇದ್ದರೆ ಒಂದೇ ಸಲಕ್ಕೆ ಪೂರ್ತಿ ತೆಗೆಯಿರಿ

ಈ ಬ್ಯಾಕ್ಟೀರಿಯಾ ಹೋದರೆ ಉರಿಯೂತ ಇಳಿಯುತ್ತದೆ. ಅಟ್ರೋಫಿ ಕೆಲವರಲ್ಲಿ ಸ್ವಲ್ಪ ಹಿಂದೆ ಸರಿಯುತ್ತದೆ. ಮೆಟಾಪ್ಲೇಸಿಯಾ ಹಿಂದೆ ಸರಿಯುವುದು ಅಪರೂಪ, ಆದರೂ ಮುಂದಿನ ಮೆಟ್ಟಿಲಿಗೆ ಹೋಗುವ ಅಪಾಯ ತಗ್ಗುತ್ತದೆ. ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಹಿಡಿತ ಇದೊಂದೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಸಾಮಾನ್ಯವಾಗಿ ಬರೆಯುವುದು 14 ದಿನದ ಕೋರ್ಸ್: ಆಸಿಡ್ ತಗ್ಗಿಸುವ ಮಾತ್ರೆಯೊಂದು, ಬಿಸ್ಮತ್, ಜೊತೆಗೆ ಮೆಟ್ರೊನಿಡಜೋಲ್ ಮತ್ತು ಟೆಟ್ರಾಸೈಕ್ಲಿನ್. ಬೇರೆ ಜೋಡಿಗಳೂ ಉಂಟು. ಯಾವುದು ಎಂಬುದು ನೀವು ಹಿಂದೆ ತಿಂದ ಆಂಟಿಬಯೋಟಿಕ್ ಮೇಲೆ ನಿಲ್ಲುತ್ತದೆ. ಎದೆಯ ಸೋಂಕಿಗೆಂದು ಕ್ಲಾರಿಥ್ರೊಮೈಸಿನ್ ಅಥವಾ ಅಜಿಥ್ರೊಮೈಸಿನ್ ತಿಂದಿದ್ದರೆ, ಮೂತ್ರದ ಸೋಂಕಿಗೆ ಲಿವೊಫ್ಲಾಕ್ಸಸಿನ್ ತಿಂದಿದ್ದರೆ ಹೇಳಲೇಬೇಕು. ಬ್ಯಾಕ್ಟೀರಿಯಾ ಆ ಔಷಧಿಗೆ ಪಳಗಿಬಿಟ್ಟಿರಬಹುದು. ಪೆನಿಸಿಲಿನ್ ಅಲರ್ಜಿ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ: ಇವನ್ನೂ ಮುಂಚೆಯೇ ತಿಳಿಸಿ.

ದಿನಕ್ಕೆ ಹತ್ತಕ್ಕೂ ಜಾಸ್ತಿ ಮಾತ್ರೆ ಆಗಬಹುದು. ಹೊತ್ತು ಹೊತ್ತಿಗೆ ಬೇರೆ ಮಾಡಿಡುವ ಡಬ್ಬಿ ಬಳಸಿ, ಫೋನಿನಲ್ಲಿ ಅಲಾರಂ ಇಡಿ. ನಾಲಿಗೆ ಕಪ್ಪಾಗುತ್ತದೆ, ಮಲ ಕಪ್ಪಾಗುತ್ತದೆ, ಬಾಯಿಯಲ್ಲಿ ಲೋಹದ ರುಚಿ ಬರುತ್ತದೆ, ಓಕರಿಕೆ ಬರುತ್ತದೆ. ಮೊದಲೇ ಗೊತ್ತಿದ್ದರೆ ಹೆದರಿಕೆ ಇರುವುದಿಲ್ಲ. ಟೆಟ್ರಾಸೈಕ್ಲಿನ್ ಜೊತೆಗೆ ಹಾಲು, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಸೇರಿದರೆ ಅದು ಮೈಗೆ ಹತ್ತುವುದಿಲ್ಲ, ನಡುವೆ ಹೊತ್ತು ಬಿಡಿ. ತುಂಬು ಲೋಟ ನೀರಿನಲ್ಲಿ ನುಂಗಿ, ನುಂಗಿದ ಕೂಡಲೇ ಮಲಗಬೇಡಿ. ಮೆಟ್ರೊನಿಡಜೋಲ್ ಇರುವಷ್ಟು ದಿನ, ಮುಗಿದ ಮೇಲೂ ಮೂರು ದಿನ, ಮದ್ಯ ಬೇಡ.

ಎಚ್ಚರಿಕೆ: ಮೈಮೇಲೆ ದದ್ದು, ಮುಖ ಊತ, ಉಸಿರು ಕಟ್ಟುವುದು, ನೀರಿನಂಥ ಭೇದಿ ನಿಲ್ಲದಿರುವುದು ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ಬರೀ ಓಕರಿಕೆಗೆ ಹತ್ತನೇ ದಿನ ಕೈಬಿಡಬೇಡಿ. ಅರ್ಧಕ್ಕೆ ಬಿಟ್ಟ ಕೋರ್ಸ್ ಬ್ಯಾಕ್ಟೀರಿಯಾವನ್ನು ಇನ್ನೂ ಗಟ್ಟಿ ಮಾಡುತ್ತದೆ, ಮುಂದಿನ ಸಲ ಆಯ್ಕೆಗಳು ಕಡಿಮೆಯಾಗುತ್ತವೆ.

## ಹಂತ 5: ಹೋಗಿದೆಯೇ ಎಂದು ಪರೀಕ್ಷೆ ಮಾಡಿ, ಅದೂ ಸರಿಯಾದ ಹೊತ್ತಿನಲ್ಲಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಕೋರ್ಸ್ ಮುಗಿಯಿತು, ಹೊಟ್ಟೆ ಹಗುರವಾಯಿತು, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ಪೂರ್ತಿ ಕೋರ್ಸ್ ತಿಂದವರಲ್ಲೂ ಕೆಲವರಿಗೆ ಬ್ಯಾಕ್ಟೀರಿಯಾ ಉಳಿದಿರುತ್ತದೆ. ಉಳಿದರೆ ಹಾನಿ ಸದ್ದಿಲ್ಲದೆ ಸಾಗುತ್ತದೆ.

ಪರೀಕ್ಷೆ ಮಾಡಿಸಿದವರಲ್ಲೂ ತಪ್ಪು ಹೊತ್ತಿಗೆ ಮಾಡಿಸಿದವರೇ ಜಾಸ್ತಿ. ನಾನೂ ಹಾಗೇ ಮಾಡಿದ್ದೆ. ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ತಿನ್ನುತ್ತಲೇ ಉಸಿರಿನ ಪರೀಕ್ಷೆಗೆ ಹೋದೆ, ‘ಇಲ್ಲ’ ಎಂದು ಬಂತು. ನಿಲ್ಲಿಸಿ ಹೋಗಬೇಕು ಎಂದು ಯಾರೂ ಹೇಳಿರಲಿಲ್ಲ. ಮುಂದೆ ಸರಿಯಾಗಿ ಮಾಡಿಸಿದಾಗ ‘ಇದೆ’ ಎಂದು ಬಂತು. ಆ ನಡುವಿನ ತಿಂಗಳುಗಳು ಸುಮ್ನೆ ಹೋದವು. ನಿಯಮ ಸರಳವಾಗಿದೆ:

1. ಆಂಟಿಬಯೋಟಿಕ್ ಮತ್ತು ಬಿಸ್ಮತ್ ಮುಗಿದು ಕನಿಷ್ಠ 4 ವಾರ ಆಗಿರಬೇಕು. ನಡುವೆ ಬೇರೆ ಕಾಯಿಲೆಗೆ ಆಂಟಿಬಯೋಟಿಕ್ ತಿಂದಿದ್ದರೆ ಎಣಿಕೆ ಮತ್ತೆ ಮೊದಲಿಂದ.
2. ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ವೊನೊಪ್ರಜಾನ್‌ನಂಥ ಆಸಿಡ್ ತಗ್ಗಿಸುವ ಮಾತ್ರೆ ನಿಲ್ಲಿಸಿ 2 ವಾರ ಆಗಿರಬೇಕು. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಇವನ್ನು ತಾವಾಗೇ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು.
3. ಪರೀಕ್ಷೆ ಉಸಿರಿನದಾಗಲಿ, ಮಲದ ಆಂಟಿಜನ್‌ನದಾಗಲಿ. ರಕ್ತದ ಆಂಟಿಬಾಡಿ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಬ್ಯಾಕ್ಟೀರಿಯಾ ಹೋದ ಮೇಲೂ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ‘ಇದೆ’ ಎನ್ನುತ್ತದೆ.

ನಿಲ್ಲಿಸಿದ ಎರಡು ವಾರ ಎದೆಯುರಿ ಜೋರಾಗಬಹುದು. ಅದು ಮಾತ್ರೆ ನಿಲ್ಲಿಸಿದ್ದಕ್ಕೆ ಆಸಿಡ್ ಪುಟಿದೇಳುವುದರಿಂದ. ಆ ದಿನಗಳಿಗೆ ಏನು ತೆಗೆದುಕೊಳ್ಳಬಹುದು ಎಂದು ಮೊದಲೇ ಕೇಳಿ ಇಟ್ಟುಕೊಳ್ಳಿ. ‘ಇದೆ’ ಎಂದು ಬಂದರೆ ಅದೇ ಚೀಟಿಯ ಮಾತ್ರೆಗಳನ್ನು ಮತ್ತೆ ತಿನ್ನಬೇಡಿ. ಎರಡನೇ ಸಲ ಆಂಟಿಬಯೋಟಿಕ್ ಜೋಡಿ ಬದಲಾಗಬೇಕು.

## ಹಂತ 6: ಬಿ12 ಮತ್ತು ಕಬ್ಬಿಣ ನೋಡಿಸಿ

ಒಳಪದರ ಸವೆದಾಗ ಎರಡು ನಷ್ಟ. ಆಸಿಡ್ ಕಡಿಮೆಯಾಗಿ ಆಹಾರದ ಕಬ್ಬಿಣ ಮೈಗೆ ಹತ್ತುವುದಿಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಕಡಿಮೆಯಾಗಿ ಬಿ12 ಹತ್ತುವುದಿಲ್ಲ. ಕ್ಯಾನ್ಸರಿನ ಚಿಂತೆಯಲ್ಲಿ ಮುಳುಗಿದವರು ಇದನ್ನು ಮರೆತುಬಿಡುತ್ತಾರೆ. ಆದರೆ ಈ ಕಾಯಿಲೆಯಿಂದ ದಿನದಿನದ ಬದುಕಿಗೆ ನಿಜವಾಗಿ ಪೆಟ್ಟು ಬೀಳುವುದು ಹೆಚ್ಚಾಗಿ ಇಲ್ಲೇ.

ಕೈಕಾಲು ಜುಮ್ಮೆನ್ನುವುದು, ನಡೆಯುವಾಗ ತೂಗಾಡುವುದು, ನಾಲಿಗೆ ಉರಿ, ಮರೆವು, ಮನಸ್ಸು ಕುಗ್ಗುವುದು ಬಿ12 ಕೊರತೆಯ ಗುರುತುಗಳು. ರಕ್ತಹೀನತೆ ಬರುವ ಮೊದಲೇ ನರಗಳಿಗೆ ಹಾನಿ ಆಗಬಹುದು. ಹಾಗಾಗಿ ಹಿಮೋಗ್ಲೋಬಿನ್ ಸರಿ ಇದೆ ಎಂದು ಬಿ12 ಪರೀಕ್ಷೆ ಬಿಡಬೇಡಿ. ಬಿ12 ಮಿಲಿಲೀಟರಿಗೆ 200ರಿಂದ 300 ಪಿಕೋಗ್ರಾಂ ನಡುವೆ ಇದ್ದರೆ ಅದು ಅನುಮಾನದ ವಲಯ. ಮಿಥೈಲ್‌ಮಲೋನಿಕ್ ಆಸಿಡ್ ಎಂಬ ಇನ್ನೊಂದು ಪರೀಕ್ಷೆ ಕೇಳಿ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರಲ್ಲಿ ಬಿ12 ಇನ್ನೂ ಇಳಿಯಬಹುದು.

ದೊಡ್ಡ ತಪ್ಪು: ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಮಾತ್ರೆ ತಿನ್ನುವುದು. ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಆಟೋಇಮ್ಯೂನ್ ಬಗೆಯವರಿಗೆ ಬಿ12 ಬದುಕಿಡೀ ಬೇಕಾಗುತ್ತದೆ. ಇಂಜೆಕ್ಷನ್ ಆಗಬಹುದು, ದಿನಕ್ಕೆ 1000 ಮೈಕ್ರೋಗ್ರಾಂನಂಥ ದೊಡ್ಡ ಪ್ರಮಾಣದ ಮಾತ್ರೆಯೂ ಆಗಬಹುದು. ಆ ಪ್ರಮಾಣದಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೆಯೂ ಒಂದಿಷ್ಟು ಒಳಗೆ ಇಳಿಯುತ್ತದೆ. ನರದ ಲಕ್ಷಣ ಈಗಾಗಲೇ ಇದ್ದರೆ ಇಂಜೆಕ್ಷನ್‌ನಿಂದಲೇ ಶುರು ಮಾಡುತ್ತಾರೆ. ಅಂಕಿ ಸರಿಹೋಯಿತು ಎಂದು ನಿಲ್ಲಿಸಬೇಡಿ. ಸರಿಹೋದದ್ದು ತೆಗೆದುಕೊಳ್ಳುತ್ತಿರುವುದರಿಂದ.

ಕಬ್ಬಿಣಕ್ಕೆ ಫೆರಿಟಿನ್ ಪರೀಕ್ಷೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಅದು ಹೇಳುತ್ತದೆ. ಮಾತ್ರೆ ತಿಂಗಳುಗಟ್ಟಲೆ ತಿಂದರೂ ಏರದಿದ್ದರೆ ನಿಮ್ಮ ತಪ್ಪಲ್ಲ, ಹತ್ತುತ್ತಿಲ್ಲ ಅಷ್ಟೇ. ರಕ್ತನಾಳದ ಮೂಲಕ ಕೊಡುವ ಕಬ್ಬಿಣದ ಬಗ್ಗೆ ಕೇಳಿ. ವಯಸ್ಸಾದವರಲ್ಲಿ ಕಬ್ಬಿಣ ಇಳಿದಿದ್ದರೆ “ಹೊಟ್ಟೆಯ ಸವೆತದಿಂದಲೇ ಇರಬೇಕು” ಎಂದು ಕೈ ತೊಳೆದುಕೊಳ್ಳಬಾರದು. ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದೂ ನೋಡಬೇಕು.

## ಹಂತ 7: ಮುಂದಿನ ಎಂಡೋಸ್ಕೋಪಿಯ ತಾರೀಖು ಬರೆಸಿಕೊಳ್ಳಿ

ಎಲ್ಲರಿಗೂ ಪದೇ ಪದೇ ಎಂಡೋಸ್ಕೋಪಿ ಬೇಕಿಲ್ಲ. ಆಂಟ್ರಮ್‌ನಲ್ಲಿ ಮಾತ್ರ ಸಣ್ಣ ಅಥವಾ ಮಧ್ಯಮ ಅಟ್ರೋಫಿ ಇದ್ದು, ಮೆಟಾಪ್ಲೇಸಿಯಾ ಇಲ್ಲದಿದ್ದರೆ ಯುರೋಪಿನ ತಜ್ಞ ಸಂಘಗಳ 2019ರ ಮಾರ್ಗಸೂಚಿ ನಿಗಾ ಬೇಡ ಎಂದಿತ್ತು. ಮುಂದಿನ ಅವಧಿಗಳೂ ಅದರವೇ. ಒಂದೇ ಜಾಗದಲ್ಲಿ ಮೆಟಾಪ್ಲೇಸಿಯಾ ಇದ್ದರೆ ಬೇರೆ ಅಪಾಯಗಳನ್ನು ನೋಡಿ ತೀರ್ಮಾನ: ಹತ್ತಿರದ ರಕ್ತಸಂಬಂಧಿಗೆ ಜಠರದ ಕ್ಯಾನ್ಸರ್, ಇನ್‌ಕಂಪ್ಲೀಟ್ ಬಗೆ, ಬಗ್ಗದ ಎಚ್. ಪೈಲೋರಿ. ಇವುಗಳಲ್ಲಿ ಒಂದಿದ್ದರೂ 3 ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯದು. ಸವೆತ ಆಂಟ್ರಮ್, ಬಾಡಿ ಎರಡಕ್ಕೂ ಹರಡಿದ್ದರೆ 3 ವರ್ಷಕ್ಕೊಮ್ಮೆ. ಅದರ ಜೊತೆಗೆ ಮನೆಯಲ್ಲಿ ಜಠರದ ಕ್ಯಾನ್ಸರ್ ಆಗಿದ್ದರೆ 1ರಿಂದ 2 ವರ್ಷಕ್ಕೊಮ್ಮೆ. ಆಟೋಇಮ್ಯೂನ್ ಬಗೆಗೆ 3ರಿಂದ 5 ವರ್ಷ. ದೇಶದಿಂದ ದೇಶಕ್ಕೆ ಇದು ಅಷ್ಟಿಷ್ಟು ಬೇರೆಯಾಗುತ್ತದೆ. ಯಾವ ಕಾರಣಕ್ಕೆ ಎಷ್ಟು ವರ್ಷ ಎಂದು ಡಾಕ್ಟರ್ ಕೈಯಲ್ಲಿ ವರದಿಯ ಮೇಲೇ ಬರೆಸಿಕೊಳ್ಳಿ.

ಆರು ತಿಂಗಳಿಗೊಮ್ಮೆ ಹೆದರಿ ಮಾಡಿಸುವುದರಿಂದ ಲಾಭವಿಲ್ಲ. ಮೂರು ವರ್ಷಕ್ಕೊಮ್ಮೆ ಚೆನ್ನಾಗಿ ಮಾಡಿದ ಒಂದು ಎಂಡೋಸ್ಕೋಪಿ, ಗಡಿಬಿಡಿಯ ಐದಕ್ಕಿಂತ ಮೇಲು. ಹೋಗುವ ಮುಂಚೆ ಇಷ್ಟು ಕೇಳಿ. ಹೈ ಡೆಫಿನಿಷನ್ ಸ್ಕೋಪ್ ಇದೆಯೇ? ಬಣ್ಣದ ಬೆಳಕಿನಲ್ಲಿ ಒಳಪದರ ನೋಡುವ ಸೌಲಭ್ಯ, ಅಂದರೆ ಎನ್‌ಬಿಐಯಂಥದ್ದು, ಇದೆಯೇ? ನೊರೆ, ಲೋಳೆ ತೊಳೆಯಲು ಮೊದಲೇ ದ್ರವ ಕುಡಿಸುತ್ತಾರೆಯೇ? ನೋಡಲು ಕನಿಷ್ಠ 7 ನಿಮಿಷ ಕೊಡುತ್ತಾರೆಯೇ? ಸಿಡ್ನಿ ಪದ್ಧತಿಯಲ್ಲಿ ತುಂಡು ತೆಗೆಯುತ್ತಾರೆಯೇ? ಕೇಳಲು ಸಂಕೋಚ ಆಗುತ್ತದೆ, ನನಗೂ ಆಗಿತ್ತು. ವಿನಯದಿಂದ ಕೇಳಿದಾಗ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಗಟ್ಟಿ ಆಹಾರ 6 ಗಂಟೆ ಮುಂಚೆ ನಿಲ್ಲಬೇಕು, ನೀರು 2 ಗಂಟೆ ಮುಂಚೆ. ಸೆಮಾಗ್ಲುಟೈಡ್‌ನಂಥ ಔಷಧಿ (ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವುದು) ತೆಗೆದುಕೊಳ್ಳುವವರಲ್ಲಿ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಆ ದಿನ ಹೇಳಿದರೆ ತಡ, ವಾರ ಮುಂಚೆಯೇ ಹೇಳಿ. ಸಕ್ಕರೆ ಕಾಯಿಲೆಯ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆಯೂ ಆಗಲೇ ಕೇಳಿ.

ಹಳೆಯ ವರದಿಗೆ ಹೊಸದನ್ನು ಹೋಲಿಸುವಾಗ ಒಂದು ಮಾತು. ಮೆಟಾಪ್ಲೇಸಿಯಾ ಒಳಪದರದಲ್ಲಿ ಅಲ್ಲಲ್ಲಿ ತೇಪೆಯಂತೆ ಇರುತ್ತದೆ. ಈ ಸಲ ಸೂಜಿಮೊನೆಯಷ್ಟು ಪಕ್ಕದಿಂದ ತುಂಡು ಬಂದರೂ ‘ಇಲ್ಲ’ ಎಂದು ಬರಬಹುದು. ಒಂದು ವರದಿಯಲ್ಲಿ ಮಾಯವಾಯಿತೆಂದು ನಿಗಾ ನಿಲ್ಲಿಸಬೇಡಿ. ಇನ್ನೊಂದರಲ್ಲಿ ‘ಸಣ್ಣ’ ಹೋಗಿ ‘ಮಧ್ಯಮ’ ಆಯಿತೆಂದು ಕುಸಿಯಲೂ ಬೇಡಿ.

ಆಟೋಇಮ್ಯೂನ್ ಬಗೆಯವರಿಗೆ ಇನ್ನೊಂದು ವಿಷಯ. ಆಸಿಡ್ ಇಲ್ಲದ್ದರಿಂದ ಗ್ಯಾಸ್ಟ್ರಿನ್ ಹಾರ್ಮೋನ್ ಏರುತ್ತದೆ. ಅದರ ಒತ್ತಡಕ್ಕೆ ಬಾಡಿಯಲ್ಲಿ ಸಣ್ಣ ನ್ಯೂರೋಎಂಡೋಕ್ರೈನ್ ಗಂಟುಗಳು, ಅಂದರೆ ಹಾರ್ಮೋನ್ ಮಾಡುವ ಕೋಶಗಳ ಗಂಟುಗಳು, ಬರಬಹುದು. 1 ಸೆಂಟಿಮೀಟರಿಗಿಂತ ಚಿಕ್ಕವು ಹೆಚ್ಚಾಗಿ ನಿಧಾನದವು. ನಿಗಾ ಇಡುತ್ತಾರೆ ಅಥವಾ ಎಂಡೋಸ್ಕೋಪಿಯಲ್ಲೇ ತೆಗೆಯುತ್ತಾರೆ.

## ಹಂತ 8: ದಿನನಿತ್ಯದ್ದು

ಆಹಾರದ ಬಗ್ಗೆ ಬರುವ ಪ್ರಶ್ನೆಗಳೇ ಜಾಸ್ತಿ, ಹೇಳಲು ಇರುವುದು ಸ್ವಲ್ಪ. ಧೂಮಪಾನ ಬಿಡಿ, ಇದಕ್ಕೆ ರಾಜಿ ಇಲ್ಲ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅದು. ಉಪ್ಪಿನಲ್ಲಿ ಊರಿಸಿಟ್ಟದ್ದು, ಹೊಗೆ ಹಿಡಿಸಿ ಕಾಪಿಟ್ಟ ಮಾಂಸ, ಮೀನು ಕಡಿಮೆ ಮಾಡಿ. ಮದ್ಯ ಕಡಿಮೆ ಮಾಡಿ, ಬಿಟ್ಟರೆ ಇನ್ನೂ ಒಳ್ಳೆಯದು. ತಾಜಾ ತರಕಾರಿ, ಹಣ್ಣು ತಿನ್ನಿ. ಖಾರ, ಹುಳಿ ತಿಂದರೆ ನಿಮಗೆ ಉರಿಯುತ್ತದಾದರೆ ಬಿಡಿ, ಉರಿಯದಿದ್ದರೆ ಮೆಟಾಪ್ಲೇಸಿಯಾ ಇದೆ ಎಂಬ ಒಂದೇ ಕಾರಣಕ್ಕೆ ಸಪ್ಪೆ ಊಟಕ್ಕೆ ಇಳಿಯಬೇಕಿಲ್ಲ. ಹೆದರಿ ಹೆದರಿ ಊಟ ಕಡಿಮೆ ಮಾಡಿ ತೂಕ ಇಳಿಸಿಕೊಂಡರೆ, ಆ ತೂಕ ಇಳಿದದ್ದು ಭಯದಿಂದಲೋ ಕಾಯಿಲೆಯಿಂದಲೋ ತಿಳಿಯುವುದೇ ಕಷ್ಟವಾಗುತ್ತದೆ.

ಆಸಿಡ್ ತಗ್ಗಿಸುವ ಮಾತ್ರೆ ಸವೆದ ಒಳಪದರವನ್ನು ಕಟ್ಟಿಕೊಡುವುದಿಲ್ಲ. ಹುಣ್ಣು, ಎದೆಯುರಿ ಇರುವವರಿಗೆ ಅದು ಬೇಕು. ಆದರೆ ಬಾಡಿ ಪೂರ್ತಿ ಸವೆದು ಆಸಿಡ್ಡೇ ಇಲ್ಲದವರಿಗೆ ಅದರಿಂದ ಏನು ಪ್ರಯೋಜನ ಎಂದು ಡಾಕ್ಟರನ್ನು ಕೇಳಲೇಬೇಕು. ಎಚ್. ಪೈಲೋರಿ ಇಟ್ಟುಕೊಂಡು ವರ್ಷಗಟ್ಟಲೆ ಆ ಮಾತ್ರೆ ತಿಂದರೆ ಉರಿಯೂತ ಬಾಡಿಯ ಕಡೆಗೆ ಸರಿಯುತ್ತದೆ. ಆದ್ದರಿಂದ ಮೊದಲು ಬ್ಯಾಕ್ಟೀರಿಯಾ, ಆಮೇಲೆ ದೀರ್ಘಕಾಲದ ಮಾತ್ರೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಕೈಗೆ ಸಿಕ್ಕಿತೆಂದು ನುಂಗಬೇಡಿ. ಕ್ಯಾನ್ಸರ್ ತಡೆಯುತ್ತದಂತೆ ಎಂದು ಆಸ್ಪಿರಿನ್ ಅನ್ನು ನೀವೇ ಶುರು ಮಾಡಬೇಡಿ, ಸವೆದ ಹೊಟ್ಟೆಯಲ್ಲಿ ರಕ್ತ ಸೋರಿದರೆ ಕಷ್ಟ. ‘ಮೆಟಾಪ್ಲೇಸಿಯಾ ವಾಸಿ ಮಾಡುವ’ ಪುಡಿ, ರಸ ಎಂದು ಮಾರುವವರ ಕಡೆ ಹೋಗಬೇಡಿ. ದುಡ್ಡಿಗಿಂತ ಹೆಚ್ಚಾಗಿ, ಅವರ ಮಾತು ನಂಬಿ ನಿಗಾ ತಪ್ಪಿಸಿಕೊಂಡ ವರ್ಷಗಳು ನಷ್ಟ.

## ಹಂತ 9: ಮನೆಯವರ ಪರೀಕ್ಷೆ, ಮತ್ತು ನಿಗಾ ನಿಲ್ಲಿಸುವ ಹೊತ್ತು

ಎಚ್. ಪೈಲೋರಿ ಹೆಚ್ಚಾಗಿ ಚಿಕ್ಕಂದಿನಲ್ಲಿ, ಮನೆಯೊಳಗೇ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ನಿಮ್ಮಲ್ಲಿ ಕಂಡಿದ್ದರೆ ಜೊತೆಗಿರುವ ದೊಡ್ಡವರು ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿಕೊಳ್ಳಲಿ. ಮನೆಯಲ್ಲಿ ಜಠರದ ಕ್ಯಾನ್ಸರ್ ಆಗಿದ್ದರೆ ಒಡಹುಟ್ಟಿದವರಿಗೂ ವಯಸ್ಸಿಗೆ ಬಂದ ಮಕ್ಕಳಿಗೂ ಇದನ್ನು ಖಂಡಿತ ಹೇಳಿ. ಒಳಪದರ ಸವೆಯುವ ಮೊದಲೇ ಬ್ಯಾಕ್ಟೀರಿಯಾ ಹೋದರೆ ಲಾಭ ಅತಿ ಹೆಚ್ಚು.

ವಯಸ್ಸು ತುಂಬಾ ಆಗಿ, ಬೇರೆ ದೊಡ್ಡ ಕಾಯಿಲೆಗಳಿದ್ದು, ಏನಾದರೂ ಸಿಕ್ಕರೂ ಚಿಕಿತ್ಸೆ ತಡೆದುಕೊಳ್ಳಲು ಆಗದ ಸ್ಥಿತಿ ಬಂದಾಗ ನಿಗಾ ನಿಲ್ಲಿಸಬಹುದು. ಆ ಮಾತನ್ನು ಡಾಕ್ಟರ್ ಎತ್ತಲಿ ಎಂದು ಕಾಯಬೇಡಿ, ನೀವೇ ಕೇಳಿ. ನಿಲ್ಲುವುದು ಎಂಡೋಸ್ಕೋಪಿ ಮಾತ್ರ. ಬಿ12 ಆಗಲೂ ಮುಂದುವರಿಯಬೇಕು.